ಮೈ ಡಿಯರ್ ಕಾಬೂಲ್: ವಾಟ್ಸಾಪ್ ಗುಂಪಿನಲ್ಲಿ ಬರೆದ ಒಂದು ವರ್ಷದ ದಿನಚರಿ

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಸೇರಿತು. ಬ್ರಿಟನ್ನಿನ ‘ಅನ್‌ಟೋಲ್ಡ್’ ಸಂಸ್ಥೆ ಆಗ ಅಫ್ಘನ್ ಲೇಖಕಿಯರ ಕತೆಗಳನ್ನು ದರಿ, ಪಶ್ತೊ ಭಾಷೆಗಳಿಂದ ಇಂಗ್ಲಿಷಿಗೆ ತರುತ್ತಿತ್ತು. 18 ಮಂದಿಯ 23 ಕತೆಗಳ ಆ ಸಂಕಲನ 2022ರಲ್ಲಿ ಬಂತು. ಅದೇ ಬಳಗದ 21 ಹೆಂಗಸರು ವಾಟ್ಸಾಪ್ ಗುಂಪಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಂಡದ್ದೇ 2024ರ ಈ ಪುಸ್ತಕ. ಕೆಲವರು ದೇಶದಲ್ಲೇ ಉಳಿದರು, ಕೆಲವರು ನಿರಾಶ್ರಿತರಾಗಿ ಬೇರೆ ಬೇರೆ ದೇಶ ಸೇರಿದರು.

ಕತೆಗಳ ಸಂಕಲನಕ್ಕಿಂತ ಈ ದಿನಚರಿಯ ತೂಕವೇ ಹೆಚ್ಚು. ನಾಳೆ ಏನಾಗುತ್ತದೆಂದು ಬರೆಯುವವಳಿಗೆ ತಿಳಿದಿಲ್ಲ. 2022ರ ಮಾರ್ಚ್ 23ರಂದು ಹೆಣ್ಣುಮಕ್ಕಳ ಪ್ರೌಢಶಾಲೆಗಳು ತೆರೆದ ದಿನವೇ ಮತ್ತೆ ಮುಚ್ಚಿದವು. ವರ್ಷಗಳ ನಂತರ ನೆನಪಿನಿಂದ ಬರೆದರೆ ಹಿಂದಿನ ರಾತ್ರಿಯ ಆಸೆಗೂ ಮರುದಿನದ ನಿರಾಶೆಯ ಬಣ್ಣ ಬಂದುಬಿಡುತ್ತದೆ. ದಿನಚರಿಯಲ್ಲಿ ಆಸೆಗೆ ಅದರದೇ ತಾರೀಖು ಇರುತ್ತದೆ.

ಓದು ಸಲೀಸಲ್ಲ. 21 ದನಿಗಳು ಬೇಗ ಕಲಸಿಹೋಗುತ್ತವೆ. ಒಂದು ಹಾಳೆಯಲ್ಲಿ ಹೆಸರು, ಊರು, ಮನೆಯಲ್ಲಿ ಯಾರಿದ್ದಾರೆ ಎಂದು ಗುರುತು ಹಾಕಿಕೊಳ್ಳಿ. ಮೊದಲ ಓದಿಗೆ ನಾಲ್ಕೈದು ಮಂದಿಯನ್ನು ಮಾತ್ರ ಹಿಂಬಾಲಿಸಿದರೆ ಎಳೆ ಸಿಗುತ್ತದೆ. ಅನುವಾದದಲ್ಲಿ ಎಲ್ಲರ ಇಂಗ್ಲಿಷೂ ಹೆಚ್ಚುಕಡಿಮೆ ಒಂದೇ ಹದದಲ್ಲಿ ಕೇಳಿಸುವುದು ನಿಜವಾದ ಕೊರತೆ.

ವಲಸೆ ಹೆಂಗಸರ ಜೊತೆ ಇಂಥದೇ ಬರವಣಿಗೆ ಗುಂಪು ನಡೆಸಬೇಕೆನ್ನುವವರಿಗೆ ಈ ಪುಸ್ತಕ ಒಳ್ಳೆಯ ಮಾದರಿ, ಆದರೆ ವಾಟ್ಸಾಪಿನ ತೊಡಕುಗಳನ್ನು ಮೊದಲೇ ತಿಳಿದಿರಬೇಕು. ಸಾಮಾನ್ಯ ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಒಬ್ಬಳ ಫೋನ್ ತಪಾಸಣೆಗೆ ಸಿಕ್ಕರೆ ಉಳಿದವರೂ ಸಿಕ್ಕಂತೆ. ದೇಶ ಬಿಟ್ಟವರ ಸಿಮ್ ಬದಲಾಗುತ್ತದೆ. ಹಳೆಯ ನಂಬರ್ ರೀಚಾರ್ಜ್ ಇಲ್ಲದೆ ಕಡಿತಗೊಂಡು ಬೇರೆಯವರ ಪಾಲಾಗಬಹುದು. ಹಾಗಾಗಿ ಹೊಸ ಸಿಮ್ ಕೈಗೆ ಬಂದ ಕೂಡಲೇ ವಾಟ್ಸಾಪ್ ಖಾತೆಯನ್ನು ಹೊಸ ನಂಬರಿಗೆ ಬದಲಿಸುವ ‘ಚೇಂಜ್ ನಂಬರ್’ ಮಾಡಿಸಿ, ಹಳೆಯ ನಂಬರ್ ಗುಂಪಿನಲ್ಲಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಸಂದೇಶ ತಾನಾಗಿ ಅಳಿಯುವ ವ್ಯವಸ್ಥೆ ಹಾಕಿದರೆ ಫೋನಿಗೆ ಒಳ್ಳೆಯದು, ಪುಸ್ತಕಕ್ಕೆ ನಷ್ಟ. ಸುರಕ್ಷಿತ ಜಾಗದಲ್ಲಿರುವ ಒಬ್ಬರು ವಾರಕ್ಕೊಮ್ಮೆ ‘ಎಕ್ಸ್‌ಪೋರ್ಟ್ ಚಾಟ್’ ಮಾಡಿ, ಅಂದರೆ ಗುಂಪಿನ ಸಂದೇಶಗಳನ್ನು ಫೈಲಾಗಿ ಹೊರತೆಗೆದು, ಪಾಸ್‌ವರ್ಡ್ ಹಾಕಿ ಇಟ್ಟುಕೊಳ್ಳುವುದೇ ದಾರಿ. ಫೋಟೊ, ಆಡಿಯೊ ಸಮೇತ ತೆಗೆದರೆ ಇತ್ತೀಚಿನ ಸುಮಾರು 10,000 ಸಂದೇಶಗಳು, ಬರೀ ಪಠ್ಯವಾದರೆ 40,000 ಮಾತ್ರ ಬರುತ್ತವೆ. ಕೊನೆಗೆ ಒಟ್ಟಿಗೆ ತೆಗೆಯೋಣ ಎಂದು ಬಿಟ್ಟರೆ ಮೊದಲ ತಿಂಗಳುಗಳೇ ಕೈತಪ್ಪುತ್ತವೆ.

ಸಮಯವನ್ನೂ ನೋಡಿಕೊಳ್ಳಬೇಕು. ತೆಗೆದ ಫೈಲಿನಲ್ಲಿ ಬರುವುದು ತೆಗೆದವರ ಫೋನಿನ ಗಂಟೆ. ಕಾಬೂಲಿನಲ್ಲಿ ರಾತ್ರಿ 1 ಗಂಟೆಗೆ ಬರೆದದ್ದು ಬೇಸಿಗೆಯ ಜರ್ಮನಿಯಲ್ಲಿ ಹಿಂದಿನ ದಿನ ರಾತ್ರಿ 10.30 ಎಂದು ದಾಖಲಾಗುತ್ತದೆ, ತಾರೀಖೇ ತಪ್ಪಿತು. ಬರೆಯುವವರು ಊರು, ಹೊತ್ತನ್ನು ಮೊದಲ ಸಾಲಲ್ಲೇ ಹಾಕುವ ರೂಢಿ ಮಾಡಿಕೊಳ್ಳಲಿ.

ಒಪ್ಪಿಗೆಯನ್ನು ಗುಂಪಿಗೆ ಸೇರುವಾಗ ಒಮ್ಮೆ ಕೇಳಿದರೆ ಸಾಲದು. ಅಚ್ಚಿಗೆ ಹೋಗುವ ಪ್ರತಿಯೊಂದು ತುಣುಕನ್ನೂ ಬರೆದವಳಿಗೆ ಅವಳ ಭಾಷೆಯಲ್ಲೇ ತೋರಿಸಿ, ಹೆಸರು, ಊರು, ಮಕ್ಕಳ ವಯಸ್ಸು ಉಳಿಯಲೋ ಬೇಡವೋ ಎಂದು ಮತ್ತೆ ಕೇಳಬೇಕು. ಅವಳು ಜರ್ಮನಿಯಲ್ಲಿ ಕ್ಷೇಮವಾಗಿರಬಹುದು, ಅವಳ ತಾಯಿ ಇನ್ನೂ ಕಾಬೂಲಿನಲ್ಲೇ ಇರಬಹುದು.