ನೀರಿನ ವ್ಯಾಯಾಮದ ಬ್ಯಾಚ್, ಆಮೇಲಿನ ಹಸಿವು: ನನ್ನ ನಾಲ್ಕು ತಿಂಗಳ ಅನುಭವ

ದಾವಣಗೆರೆಯ ಒಂದು ಈಜುಕೊಳದಲ್ಲಿ ಬೆಳಗ್ಗೆ ಹೆಂಗಸರಿಗೆ ಅಂತಲೇ ಅಕ್ವಾ ಏರೋಬಿಕ್ಸ್ ಬ್ಯಾಚ್ ಇದೆ. ಡಿಸೆಂಬರ್‌ನಿಂದ ಮಾರ್ಚ್ ಕೊನೆವರೆಗೆ ಹೋಗಿದ್ದೇನೆ. ಕೆಲವು ದೂರುಗಳಿವೆ, ಅದಕ್ಕೆ ಈಜುಕೊಳದ ಹೆಸರು ಹಾಕುತ್ತಿಲ್ಲ. ವಾರಕ್ಕೆ 5 ದಿನ, 6.30ರಿಂದ 7.15, ತಿಂಗಳಿಗೆ 1,800 ರೂಪಾಯಿ. ಈಜು ಬರಬೇಕು ಅಂತೇನಿಲ್ಲ, ಎದೆಮಟ್ಟದ ನೀರಿನಲ್ಲೇ ಎಲ್ಲ. ಲೆಗ್ಗಿಂಗ್ಸ್, ತುಂಬು ತೋಳಿನ ಸ್ವಿಮ್ ಸೂಟ್ ಹಾಕಿಕೊಳ್ಳಬಹುದು, ಯಾರೂ ಏನೂ ಅನ್ನುವುದಿಲ್ಲ.

ನನಗೆ 47. ಎರಡು ವರ್ಷದಿಂದ ಬಲ ಮಂಡಿ ನೋವು, ವಾಕಿಂಗ್ ಮಾಡಿದ ದಿನ ರಾತ್ರಿ ಊತ. ಡಾಕ್ಟರ್ ನೀರಿನಲ್ಲಿ ವ್ಯಾಯಾಮ ಮಾಡಿ ನೋಡಿ ಅಂದರು. ಮಂಡಿಯ ವಿಷಯದಲ್ಲಿ ಈ ಬ್ಯಾಚ್‌ಗೆ ಪೂರ್ತಿ ಅಂಕ ಕೊಡುತ್ತೇನೆ. ಎದೆಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ನಮ್ಮ ತೂಕದ ಮೂರನೇ ಒಂದು ಭಾಗದಷ್ಟೇ ಬೀಳುತ್ತದೆ, ಉಳಿದಿದ್ದನ್ನು ನೀರು ಹೊರುತ್ತದೆ. ಎಷ್ಟೋ ವರ್ಷದ ಮೇಲೆ ನಾನು ಕುಪ್ಪಳಿಸಿದ್ದು ಅಲ್ಲೇ. ಫೆಬ್ರವರಿ ಹೊತ್ತಿಗೆ ಮನೆಯ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದೆ. ಕೋಚ್ ಮೇಡಂ ಒಬ್ಬೊಬ್ಬರ ಹತ್ತಿರವೂ ಬಂದು ಮಂಡಿ ಹೇಗಿದೆ, ಸೊಂಟ ಹೇಗಿದೆ ಅಂತ ಕೇಳುತ್ತಾರೆ. ಇಂಥ ಕೋಚ್ ಸಿಗುವುದು ಕಷ್ಟ.

ಆದರೆ ನಾನು ಬರೆಯಬೇಕು ಅಂದುಕೊಂಡಿದ್ದು ಹಸಿವಿನ ಬಗ್ಗೆ. ಸೇರುವಾಗ ಯಾರೂ ಇದನ್ನು ಹೇಳಲಿಲ್ಲ.

ವಾಕಿಂಗ್ ಮಾಡಿ ಬಂದರೆ ನನಗೆ ಒಂದು ಗಂಟೆ ತಿಂಡಿ ಬೇಡವೇ ಬೇಡ. ನೀರಿನಿಂದ ಎದ್ದು ಬಂದರೆ ಹಾಗಲ್ಲ. ಬಟ್ಟೆ ಬದಲಾಯಿಸುವಷ್ಟರಲ್ಲೇ ಹೊಟ್ಟೆ ಚುರುಗುಟ್ಟುತ್ತದೆ. ಅದು ಮಾಮೂಲಿ ಹಸಿವಲ್ಲ, ಬಿಸಿಬಿಸಿ ಏನಾದರೂ ಈಗಲೇ ಬೇಕು ಅನ್ನುವ ಹಸಿವು. ನಮ್ಮೂರಲ್ಲಿ ಬೆಳಗ್ಗೆ ಏಳೂವರೆಗೆ ಬಿಸಿಬಿಸಿ ಅಂದರೆ ಏನು ಅಂತ ಹೇಳಬೇಕಿಲ್ಲ. ಕಾವಲಿಯ ಮೇಲೆ ಬೆಣ್ಣೆ ಕರಗುವ ವಾಸನೆ ಪಾರ್ಕಿಂಗ್‌ವರೆಗೂ ಬರುತ್ತದೆ. "ಅಷ್ಟೊತ್ತು ಕುಣಿದಿದ್ದೀವಲ್ಲ ಅಕ್ಕಾ, ಒಂದು ತಿಂದರೆ ಏನಾಗಲ್ಲ ಬನ್ನಿ" ಅಂತ ಜೊತೆಯವರು ಕರೆಯುತ್ತಿದ್ದರು, ಹೋಗುತ್ತಿದ್ದೆ. ಒಂದಲ್ಲ, ಎರಡು ಬೆಣ್ಣೆ ದೋಸೆ. ಮಧ್ಯಾಹ್ನದ ಊಟವೂ ಕಡಿಮೆ ಆಗಲಿಲ್ಲ. ಸೇರುವಾಗ 71 ಕೆಜಿ ಇದ್ದೆ, ಜನವರಿ ಕೊನೆಗೆ 71.4. ನಮ್ಮ ಬ್ಯಾಚ್‌ನ ಒಬ್ಬರಂತೂ ತಕ್ಕಡಿಯಿಂದ ಇಳಿದು ಅತ್ತೇಬಿಟ್ಟರು. ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ಬಂದವರು ಅವರು, ಹಾಗಾಗಿ ತನ್ನಲ್ಲೇ ಏನೋ ದೋಷ ಇದೆ ಅಂದುಕೊಂಡಿದ್ದರು.

ದೋಷ ಅವರದಲ್ಲ. ಕೌಂಟರ್ ಪಕ್ಕದ ಬೋರ್ಡ್‌ನದು. "ತಿಂಗಳಿಗೆ 4 ಕೆಜಿ ಇಳಿಸಿ" ಅಂತ ದೊಡ್ಡದಾಗಿ ಬರೆದಿದ್ದಾರೆ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸಿದ ವಿಷಯ. ಲೆಕ್ಕ ಹಾಕಿ ನೋಡೋಣ. ನೀರಿನ ಏರೋಬಿಕ್ಸ್‌ಗೆ ಸುಮ್ನೆ ಕೂತಿರುವುದಕ್ಕಿಂತ ಸುಮಾರು ಐದೂವರೆ ಪಟ್ಟು ಶಕ್ತಿ ಬೇಕು ಅಂತ ಲೆಕ್ಕ ಹಿಡಿಯುತ್ತಾರೆ. 71 ಕೆಜಿಯ ನನಗೆ 45 ನಿಮಿಷಕ್ಕೆ 290 ಕ್ಯಾಲರಿ ಆಯಿತು. ಅದರಲ್ಲಿ 50 ಮನೆಯಲ್ಲಿ ಕೂತಿದ್ದರೂ ಖರ್ಚಾಗುತ್ತಿತ್ತು. ಉಳಿಯುವುದು 240. ಒಂದು ದೊಡ್ಡ ಚಮಚ ಬೆಣ್ಣೆ, ಅಂದರೆ 14 ಗ್ರಾಂ, ಅಂದರೆ 100 ಕ್ಯಾಲರಿ. ಎರಡು ದೋಸೆಗೆ ಅಂಥ ಎರಡೂವರೆ ಚಮಚ ಬಿದ್ದರೆ, ಹಿಟ್ಟು, ಆಲೂಗಡ್ಡೆ ಪಲ್ಯ ಎಲ್ಲ ಬಿಟ್ಟು ಬರೀ ಬೆಣ್ಣೆಯಲ್ಲೇ ಆ ಬೆಳಗಿನ ದುಡಿಮೆ ವಾಪಸ್ ಬಂದುಬಿಡುತ್ತದೆ.

ಈ 290 ಕೂಡ ಬಿಡದೆ ಕೈಕಾಲು ಆಡಿಸಿದವರಿಗೆ ಮಾತ್ರ. ನೀರಿನಲ್ಲಿ ವೇಗ ಎರಡು ಪಟ್ಟು ಮಾಡಿದರೆ ತಡೆ ನಾಲ್ಕು ಪಟ್ಟಾಗುತ್ತದೆ. ನಿಧಾನಕ್ಕೆ ಆಡಿಸುತ್ತಾ ಮಾತಾಡುತ್ತಾ ನಿಂತರೆ ಹಾಯಾಗಿರುತ್ತದೆ, ಖರ್ಚು ಮಾತ್ರ ತೀರಾ ಕಡಿಮೆ. ಕೈಗಡಿಯಾರದ ನಾಡಿ ಲೆಕ್ಕವನ್ನೂ ನಂಬಬೇಡಿ, ಅಷ್ಟೇ ಶ್ರಮಕ್ಕೆ ನೀರಿನಲ್ಲಿ ಬಡಿತ ಕಡಿಮೆ ತೋರಿಸುತ್ತದೆ. ಉಸಿರು ನೋಡಿಕೊಳ್ಳಿ. ಒಂದು ಉದ್ದ ವಾಕ್ಯ ಒಂದೇ ಉಸಿರಿಗೆ ಹೇಳಲು ಆಗುತ್ತಿದ್ದರೆ ಇನ್ನೂ ಜೋರು ಮಾಡಬಹುದು ಅಂತ ಅರ್ಥ.

ಈ ಹಸಿವು ನಮ್ಮೊಬ್ಬರದೇ ಕಥೆಯಾ ಅಂತ ಹುಡುಕಿ ಓದಿದೆ. ಅಲ್ಲವೇ ಅಲ್ಲ. 1987ರಲ್ಲಿ ಅಮೆರಿಕದ ಗ್ರಾಂಟ್ ಗ್ವಿನಪ್ ಅನ್ನುವ ವೈದ್ಯರು ದಪ್ಪ ಇದ್ದ ಹೆಂಗಸರನ್ನು ಮೂರು ಗುಂಪು ಮಾಡಿ, ಊಟಕ್ಕೆ ಕಟ್ಟುಪಾಡು ಹಾಕದೆ, ನಡಿಗೆ, ಸೈಕಲ್, ಈಜು ಮಾಡಿಸಿದ್ದರು. ನಡೆದವರ ತೂಕ ನೂರಕ್ಕೆ 10ರಷ್ಟು ಇಳಿಯಿತು, ಸೈಕಲ್ ತುಳಿದವರದು 12ರಷ್ಟು, ಈಜಿದವರದು ಇಳಿಯಲೇ ಇಲ್ಲ. 2005ರಲ್ಲಿ ಫ್ಲೋರಿಡಾದಲ್ಲಿ ಗಂಡಸರನ್ನು ನೀರಿನೊಳಗೆ 45 ನಿಮಿಷ ಸೈಕಲ್ ತುಳಿಸಿ ನೋಡಿದರು, ಒಂದು ದಿನ 20 ಡಿಗ್ರಿ ನೀರು, ಇನ್ನೊಂದು ದಿನ 33 ಡಿಗ್ರಿ. ಶಕ್ತಿ ಖರ್ಚು ಹೆಚ್ಚುಕಡಿಮೆ ಒಂದೇ. ತಣ್ಣೀರಿನ ದಿನ ಆಮೇಲೆ ತಿಂದಿದ್ದು ಮಾತ್ರ ನೂರಕ್ಕೆ 44ರಷ್ಟು ಜಾಸ್ತಿ! ನೆಲದ ಮೇಲೆ ಜೋರಾಗಿ ದುಡಿದರೆ ಮೈ ಬಿಸಿಯೇರುತ್ತದೆ, ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಸ್ವಲ್ಪ ಹೊತ್ತು ಇಳಿಯುತ್ತದೆ, ಅದಕ್ಕೇ ವಾಕಿಂಗ್ ಆದ ಕೂಡಲೇ ತಿಂಡಿ ಸೇರುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಮೈ ಬಿಸಿಯೇರುವುದೇ ಇಲ್ಲ, ಹಸಿವೂ ತಡೆಯುವುದಿಲ್ಲ.

ಹಾಗಂತ ನೀರಿನಲ್ಲಿ ತೂಕ ಇಳಿಯುವುದೇ ಇಲ್ಲ ಅಂತಲೂ ಅಲ್ಲ. 2010ರಲ್ಲಿ ಆಸ್ಟ್ರೇಲಿಯಾದಲ್ಲಿ 50ರಿಂದ 70 ವಯಸ್ಸಿನ ಹೆಂಗಸರನ್ನು ನೋಡಿದ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ನಡೆದವರಿಗಿಂತ ಈಜಿದವರ ಸೊಂಟದ ಸುತ್ತಳತೆಯೇ ಚೆನ್ನಾಗಿ ಇಳಿದಿತ್ತು. ನನಗೆ ಧೈರ್ಯ ಬಂದಿದ್ದು ಇದನ್ನು ಓದಿದ ಮೇಲೆ.

ಮಗನ ಮೀನಿನ ತೊಟ್ಟಿಯ ಥರ್ಮಾಮೀಟರ್ ಒಯ್ದು ನೀರಿಗೆ ಇಟ್ಟೆ. ಜನವರಿಯಲ್ಲಿ 22 ಡಿಗ್ರಿ. ಇಂಥ ವ್ಯಾಯಾಮಕ್ಕೆ 28ರಿಂದ 30 ಇರಬೇಕು ಅನ್ನುತ್ತಾರೆ. ಮಾರ್ಚ್‌ನಲ್ಲಿ ನಮ್ಮೂರ ಬಿಸಿಲಿಗೆ ತಾನಾಗಿಯೇ 28ಕ್ಕೆ ಬಂತು, ಅದೇ ಹೊತ್ತಿಗೆ ಆ ಚುರುಚುರು ಹಸಿವೂ ಅರ್ಧ ಇಳಿಯಿತು. ಬ್ಯಾಚ್‌ನಲ್ಲಿ ಬೇರೆಯವರನ್ನೂ ಕೇಳಿದೆ, ಹೆಚ್ಚಿನವರು ಹೌದು ಅಂದರು.

ಫೆಬ್ರವರಿಯಿಂದ ನಾನು ಬದಲಾಯಿಸಿದ್ದು ಸ್ವಲ್ಪವೇ. ನೀರಿನಿಂದ ಎದ್ದ ಕೂಡಲೇ ಬಿಸಿನೀರಿನ ಸ್ನಾನ, ಸ್ವೆಟರ್, ಫ್ಲಾಸ್ಕ್‌ನಲ್ಲಿ ತಂದ ಬಿಸಿ ರಾಗಿ ಗಂಜಿ ಒಂದು ಲೋಟ. ಮೈ ಬೆಚ್ಚಗಾದರೆ ಆ ಹಸಿವಿನ ಹಟ ಅರ್ಧ ಇಳಿದುಬಿಡುತ್ತದೆ. ಮನೆಗೆ ಬಂದು ಮೊಳಕೆ ಹೆಸರುಕಾಳಿನ ಉಸ್ಲಿ, ಜೊತೆಗೆ ಒಂದು ಮೊಟ್ಟೆ. ಬೆಣ್ಣೆ ದೋಸೆ ಶನಿವಾರ ಮಾತ್ರ, ಎಲ್ಲರ ಜೊತೆ ಕೂತು. ಅದನ್ನು ಬಿಡಬೇಡಿ. ಆ ಹರಟೆಗೇ ಎಷ್ಟೋ ಜನ ಬೆಳಗ್ಗೆ ಎದ್ದು ಬರುತ್ತಾರೆ. ಮಾರ್ಚ್ ಕೊನೆಗೆ 69.6 ಕೆಜಿ ಇದ್ದೆ. ಬೋರ್ಡ್ ನಂಬಿದ್ದರೆ ಇಷ್ಟು ಹೊತ್ತಿಗೆ 55 ಆಗಿರಬೇಕಿತ್ತು.

ಉಳಿದ ದೂರುಗಳು ಸಣ್ಣವು. ಲಾಕರ್ ಸಾಲದು, ಸೋಮವಾರ ಕ್ಲೋರಿನ್ ಜಾಸ್ತಿ ಹಾಕಿ ಕಣ್ಣು ಉರಿಯುತ್ತದೆ. ದೊಡ್ಡ ದೂರು ಗೀಸರ್‌ದು. ಹೆಂಗಸರ ಕಡೆ ಎರಡಿದೆ, ಅದರಲ್ಲೊಂದು ನಾಲ್ಕು ತಿಂಗಳಿಂದ ಕೆಟ್ಟಿದೆ, ಸರತಿಯಲ್ಲಿ ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ನಿಲ್ಲಬೇಕು. ಬೆಚ್ಚಗಾಗುವುದು ಹಸಿವಿಗೆ ಇಷ್ಟು ಮುಖ್ಯ ಅಂತ ಗೊತ್ತಾದ ಮೇಲೆ ಇದು ನನಗೆ ಸೌಕರ್ಯದ ಮಾತಾಗಿ ಉಳಿದಿಲ್ಲ.

ಮಂಡಿ, ಸೊಂಟ ನೋವಿಗೆ ಸೇರುವವರು ಯೋಚನೆ ಮಾಡದೆ ಸೇರಿ. ತೂಕಕ್ಕೆ ಅಂತ ಸೇರುವವರು ಮಾರ್ಚ್‌ನಿಂದ ಶುರು ಮಾಡಿ, ಫ್ಲಾಸ್ಕ್ ಮರೆಯಬೇಡಿ. ಬೋರ್ಡ್ ತೆಗೆಯಿರಿ, ಗೀಸರ್ ರಿಪೇರಿ ಮಾಡಿಸಿ ಅಂತ ನಾವು 11 ಜನ ಸಹಿ ಹಾಕಿ ಆಫೀಸಿಗೆ ಪತ್ರ ಕೊಟ್ಟಿದ್ದೇವೆ. ಗೀಸರ್ ನೋಡಲು ಮೊನ್ನೆ ಒಬ್ಬರು ಬಂದು ಹೋದರು. ಬೋರ್ಡ್ ಇನ್ನೂ ಅಲ್ಲೇ ಇದೆ.