ವೈಫೈ ಬರುತ್ತಿಲ್ಲ ಅಂತ ಗೂಗಲ್‌ನಲ್ಲಿ ಸಿಕ್ಕ ನಂಬರ್‌ಗೆ ಫೋನ್ ಮಾಡಬೇಡಿ

ಮನೆಯ ಕಂಪ್ಯೂಟರ್‌ಗೆ ವೈಫೈ ಸಿಗದಿದ್ದಾಗ ಗೂಗಲ್ ತೆರೆದು ಬ್ರಾಡ್‌ಬ್ಯಾಂಡ್ ಕಂಪನಿಯ ಕಸ್ಟಮರ್ ಕೇರ್ ನಂಬರ್ ಹುಡುಕುವ ಅಭ್ಯಾಸ ಇದ್ದವರು ಇದನ್ನು ಓದಿಬಿಡಿ. ದಾವಣಗೆರೆಯಲ್ಲಿರುವ ನಮ್ಮ ಭಾವ ಹೀಗೆ ಹುಡುಕಲು ಹೋಗಿ 38,000 ರೂಪಾಯಿ ಕಳೆದುಕೊಂಡರು.

ಅವರ ಮನೆಗೆ ಆಗಷ್ಟೇ ಹೊಸ ರೂಟರ್ ಹಾಕಿ ಹೋಗಿದ್ದರು. ಅಕ್ಕನ ಫೋನು, ಭಾವನ ಫೋನು, ಟಿವಿ, ಎಲ್ಲಕ್ಕೂ ನೆಟ್ ಬರುತ್ತಿತ್ತು. ಮಕ್ಕಳ ಡೆಸ್ಕ್‌ಟಾಪ್‌ಗೆ ಮಾತ್ರ ಇಲ್ಲ. ವೈಫೈ ಹೆಸರು ಕಾಣುತ್ತದೆ, ಪಾಸ್‌ವರ್ಡ್ ಹಾಕಿದರೆ ಕನೆಕ್ಟ್ ಆಗುವುದಿಲ್ಲ. ಭಾವ ಫೋನ್‌ನಲ್ಲಿ ಹುಡುಕಿದರು, ಮೇಲ್ಗಡೆಯೇ ಒಂದು ನಂಬರ್ ಸಿಕ್ಕಿತು, ಹಚ್ಚಿದರು.

ಆ ಕಡೆಯವನು ಮಾತಾಡಿದ್ದು ಚೆಂದದ ಕನ್ನಡದಲ್ಲಿ. ಮಾತುಮಾತಿಗೂ ಸರ್. ಹೆಸರು, ಊರು, ರೂಟರ್ ಯಾವಾಗ ಹಾಕಿದರು ಎಂದೆಲ್ಲ ಕೇಳಿಕೊಂಡ. ಆಮೇಲೆ ಹೇಳಿದ: "ಕಂಪ್ಯೂಟರ್‌ಗೆ ನೆಟ್ ಇಲ್ವಲ್ಲ ಸರ್, ಅದಕ್ಕೆ ನಿಮ್ಮ ಫೋನಲ್ಲೇ ಒಂದು ಆಪ್ ಹಾಕಿಕೊಳ್ಳಿ. ನಾವು ಇಲ್ಲಿಂದಲೇ ಚೆಕ್ ಮಾಡ್ತೀವಿ."

ಇಡೀ ಮೋಸ ಇರುವುದು ಈ ಮಾತಿನಲ್ಲೇ. ಕೆಟ್ಟಿರುವುದು ಕಂಪ್ಯೂಟರು, ಫೋನ್ ಸರಿಯಾಗಿಯೇ ಇದೆ. ಫೋನ್ ನೋಡಿಕೊಂಡು ಕಂಪ್ಯೂಟರ್ ಹೇಗೆ ಸರಿಮಾಡುತ್ತಾನೆ? ಅವನಿಗೆ ಕಂಪ್ಯೂಟರ್ ಬೇಕೇ ಇರಲಿಲ್ಲ. ಬ್ಯಾಂಕಿನ ಒಟಿಪಿ ಬರುವುದು ಫೋನಿಗೆ ಅಲ್ವಾ? ಆದರೆ ಕೇಳುವವರ ಕಿವಿಗೆ ಆ ಮಾತು ಎಷ್ಟು ಸಹಜವಾಗಿ ಕೇಳಿಸುತ್ತದೆ ನೋಡಿ.

ಅವನು ಹಾಕಿಸಿದ್ದು ಫೋನಿನ ಸ್ಕ್ರೀನ್ ದೂರದಲ್ಲಿದ್ದವರಿಗೂ ಕಾಣುವಂತೆ ಮಾಡುವ ಆಪ್. ಎನಿಡೆಸ್ಕ್, ಟೀಮ್‌ವ್ಯೂವರ್ ಇವೆಲ್ಲ ಆ ಜಾತಿಯವು. ಆಪ್‌ಗಳೇನೂ ಕಳ್ಳ ಆಪ್‌ಗಳಲ್ಲ, ಆಫೀಸುಗಳಲ್ಲಿ ದಿನಾ ಬಳಸುತ್ತಾರೆ. ಆದರೆ ಅದರಲ್ಲಿ ಬರುವ ನಂಬರನ್ನು ಓದಿ ಹೇಳಿ, ಪರ್ಮಿಷನ್ ಕೊಟ್ಟರೆ ಮುಗಿಯಿತು. ಇಂಥ ಆಪ್ ಮೂಲಕ ಖಾತೆ ಖಾಲಿ ಮಾಡುತ್ತಾರೆ ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಮುಂದಿನದು ದೂರು ದಾಖಲಿಸಲು 10 ರೂಪಾಯಿ. ಲಿಂಕ್ ಬಂತು, ಭಾವ ಡೆಬಿಟ್ ಕಾರ್ಡಿನ ನಂಬರ್, ಕಾರ್ಡಿನ ಹಿಂಬದಿಯ ಮೂರು ಅಂಕಿ ಎಲ್ಲ ಅದರಲ್ಲಿ ತುಂಬಿದರು. ಒಟಿಪಿಯನ್ನು ಅವನು ಕೇಳಲೇ ಇಲ್ಲ. "ಒಟಿಪಿ ಯಾರಿಗೂ ಹೇಳಬೇಡಿ ಸರ್" ಎಂದು ಬುದ್ಧಿ ಬೇರೆ ಹೇಳಿದನಂತೆ! ಕೇಳುವ ಅಗತ್ಯವೇ ಇರಲಿಲ್ಲ, ಮೆಸೇಜು ಬಂದ ಕೂಡಲೇ ಅವನಿಗೂ ಕಾಣುತ್ತಿತ್ತು. ಒಟಿಪಿ ಹೇಳದಿದ್ದರೆ ಸಾಕು, ಏನೂ ಆಗಲ್ಲ ಎಂದುಕೊಂಡಿರುವವರು ಇದನ್ನು ಗಮನಿಸಿ.

ಅಕ್ಕ ಫೋನ್ ಮಾಡಿದಾಗ ನಾನು ಮೊದಲು ಹೇಳಿದ್ದು ಭಾವನ ಫೋನಿನ ನೆಟ್ ಆಫ್ ಮಾಡಿ, ಆ ಆಪ್ ತೆಗೆಯಿರಿ ಎಂದು. ಅವಳ ಫೋನಿನಿಂದ ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿದರು. ತಕ್ಷಣ 1930ಕ್ಕೆ ಕರೆ ಮಾಡಿದರು. ಇದು ಕೇಂದ್ರ ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ. ಹಣ ಕಳ್ಳನ ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ದೂರು ಸಿಕ್ಕಿದರೆ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಬ್ಯಾಂಕಿನ ಮೆಸೇಜುಗಳನ್ನು ಗಾಬರಿಯಲ್ಲಿ ಅಳಿಸಬೇಡಿ, ಟ್ರಾನ್ಸಾಕ್ಷನ್ ನಂಬರ್ ಇರುವುದು ಅದರಲ್ಲೇ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಾಯಿಸಿ.

ಬ್ಯಾಂಕು ತುಂಬಿಕೊಡುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ, ಕಾರ್ಡಿನ ವಿವರ ನಾವೇ ಕೊಟ್ಟು ಹೋದ ಹಣದ ನಷ್ಟ, ಬ್ಯಾಂಕಿಗೆ ತಿಳಿಸುವವರೆಗೂ ನಮ್ಮದೇ. ತಿಳಿಸಿದ ಮೇಲೆ ಹೋದದ್ದು ಮಾತ್ರ ಬ್ಯಾಂಕಿನ ತಲೆಗೆ. ಮೋಸ ಹೋದವರಿಗೆ ಇದು ಅನ್ಯಾಯ ಎಂದೇ ನನಗೆ ಅನ್ನಿಸುತ್ತದೆ, ಆದರೆ ಬ್ಯಾಂಕಿನವರು ತೋರಿಸುವುದು ಅದನ್ನೇ.

ಇನ್ನು ಕಂಪ್ಯೂಟರ್ ಕಥೆ. ಆ ವಾರದ ಕೊನೆಗೆ ನಾನೇ ಹೋಗಿ ನೋಡಿದೆ. ಹೊಸ ರೂಟರ್‌ನಲ್ಲಿ ವೈಫೈ ಭದ್ರತೆ ಡಬ್ಲ್ಯುಪಿಎ3 ಎಂಬ ಹೊಸ ಬಗೆಗೆ ಮಾತ್ರ ಸೆಟ್ ಆಗಿತ್ತು. ಅದು ಬಂದಿದ್ದೇ 2018ರಲ್ಲಿ. ಡೆಸ್ಕ್‌ಟಾಪ್‌ಗೆ ಸಿಕ್ಕಿಸಿದ್ದ ಡಾಂಗಲ್ (ವೈಫೈ ಹಿಡಿಯುವ ಪುಟ್ಟ ಸಾಧನ) ಅದಕ್ಕಿಂತ ಹಳೆಯದು, ಅದಕ್ಕೆ ಗೊತ್ತಿರುವುದು ಹಿಂದಿನ ಬಗೆಯಾದ ಡಬ್ಲ್ಯುಪಿಎ2 ಮಾತ್ರ. ಹಾಗಾಗಿ ಪಾಸ್‌ವರ್ಡ್ ಸರಿಯಿದ್ದರೂ ಕನೆಕ್ಟ್ ಆಗುತ್ತಿರಲಿಲ್ಲ. ರೂಟರ್‌ನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಅದರ ಸೆಟ್ಟಿಂಗ್ಸ್ ತೆರೆಯುವ ವಿಳಾಸ, ಪಾಸ್‌ವರ್ಡ್ ಇರುತ್ತದೆ. ಫೋನ್‌ನಲ್ಲೇ ತೆರೆದು, ಡಬ್ಲ್ಯುಪಿಎ2 ಮತ್ತು 3 ಎರಡೂ ನಡೆಯುವಂತೆ ಬದಲಾಯಿಸಿದೆ. ಡೆಸ್ಕ್‌ಟಾಪ್ ಕೂಡಲೇ ಕನೆಕ್ಟ್ ಆಯಿತು.

ನಿಮ್ಮ ಮನೆಯಲ್ಲಿ ಕಾರಣ ಬೇರೆ ಇರಬಹುದು. ಅದೇ ವೈಫೈನಲ್ಲಿ ಫೋನಿಗೆ ನೆಟ್ ಬರುತ್ತಿದೆಯಾ ಎಂದು ಮೊದಲು ನೋಡಿ. ಹಾಗೆ ನೋಡುವಾಗ ಮೊಬೈಲ್ ಡೇಟಾ ಆಫ್ ಇರಲಿ. ಬರುತ್ತಿದ್ದರೆ ಲೈನ್ ಸರಿಯಿದೆ, ತೊಂದರೆ ಕಂಪ್ಯೂಟರಿನಲ್ಲೋ ರೂಟರ್ ಸೆಟ್ಟಿಂಗ್‌ನಲ್ಲೋ ಇದೆ. ಏರೋಪ್ಲೇನ್ ಮೋಡ್ ಆನ್ ಆಗಿರಬಹುದು. ಹಳೇ ಪಾಸ್‌ವರ್ಡ್ ನೆನಪಿಟ್ಟುಕೊಂಡಿರಬಹುದು, ಆಗ ಆ ನೆಟ್‌ವರ್ಕನ್ನು 'ಫರ್ಗೆಟ್' ಮಾಡಿ ಮತ್ತೆ ಸೇರಿಸಿ. ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ವೈಫೈ ಕೊಡುತ್ತಿದ್ದರೆ, 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವ ಹಳೇ ಡಾಂಗಲ್‌ಗೆ ಹೆಸರೂ ಕಾಣುವುದಿಲ್ಲ. ಫೋನಿಗೂ ಬರದೆ, ಫೈಬರ್ ಡಬ್ಬಿಯಲ್ಲಿ 'ಎಲ್‌ಒಎಸ್' ದೀಪ (ಲೈನಿನಲ್ಲಿ ಸಿಗ್ನಲ್ ಇಲ್ಲ ಎಂದು ತೋರಿಸುವುದು) ಕೆಂಪಗಿದ್ದರೆ ಕಂಪನಿಯವರೇ ಬರಬೇಕು. ಅವರ ನಂಬರ್ ನಿಮ್ಮ ಬಿಲ್ಲಿನಲ್ಲಿದೆ, ಅವರದೇ ಆಪ್‌ನಲ್ಲಿದೆ.

ಭಾವನ ಹಣದಲ್ಲಿ ಸ್ವಲ್ಪ ಭಾಗ ತಡೆಹಿಡಿದಿದ್ದಾರೆ, ಅದು ಇನ್ನೂ ಕೈಗೆ ಬಂದಿಲ್ಲ. ಈ ನಡುವೆ ಇನ್ನೊಬ್ಬ ಫೋನ್ ಮಾಡಿದ್ದ. ಸೈಬರ್ ಆಫೀಸಿನಿಂದ ಮಾತಾಡುತ್ತಿದ್ದೇನೆ, ನಿಮ್ಮ ದುಡ್ಡು ಸಿಕ್ಕಿದೆ, ವಾಪಸ್ ಕಳಿಸಲು 2,000 ರೂಪಾಯಿ ಶುಲ್ಕ ಕಟ್ಟಿ ಎಂದ. ಈ ಸಲ ಫೋನ್ ಎತ್ತಿದ್ದು ಅಕ್ಕ. ಯಾವ ಠಾಣೆ, ದೂರಿನ ನಂಬರ್ ಎಷ್ಟು ಎಂದು ಕೇಳಿದಳು. ಅವನೇ ಕಟ್ ಮಾಡಿದ.