ಎವರೆಸ್ಟ್ ಬೇಸ್ ಕ್ಯಾಂಪ್ ದಾರಿ: ಫಲಕಕ್ಕೆ 2, ಸ್ಮಾರಕಕ್ಕೆ 4

ಲುಕ್ಲಾದಿಂದ ಎವರೆಸ್ಟ್ ಬೇಸ್ ಕ್ಯಾಂಪಿನವರೆಗಿನ ದಾರಿಫಲಕಗಳಿಗೆ 5ರಲ್ಲಿ 2 ಅಂಕ ಸಾಕು. ಅದೇ ದಾರಿಯ ಸ್ಮಾರಕಗಳಿಗೆ ಧಾರಾಳವಾಗಿ 4 ಕೊಡಬಹುದು. ದಾರಿ ತೋರುವ ಕೆಲಸದಲ್ಲೂ ಬೋರ್ಡಿಗಿಂತ ಕಲ್ಲೇ ವಾಸಿ.

ಬೋರ್ಡುಗಳ ಮೊದಲ ತಕರಾರು ಹೆಸರಿನದು. ತುಕ್ಲಾ, ದುಘ್ಲಾ ಎರಡೂ ಒಂದೇ ಜಾಗ. ಲೊಬುಚೆ ಕೆಲವೆಡೆ ಲೊಬುಜೆ ಆಗುತ್ತದೆ. ಎತ್ತರದ ಲೆಕ್ಕವೂ ಹೀಗೇ: ಕಾಲಾಪತ್ಥರ್ ಒಂದು ಕಡೆ 5,545 ಮೀಟರ್, ಇನ್ನೊಂದು ಕಡೆ 5,644. ಆದ್ದರಿಂದ ತಂಗುವ ಎತ್ತರವನ್ನು ಬೋರ್ಡು ನೋಡಿ ಗೊತ್ತುಮಾಡಬೇಡಿ, ಒಂದೇ ನಕ್ಷೆಯನ್ನು ಕೊನೆತನಕ ನಂಬಿ. ಎತ್ತರದ ಕಾಯಿಲೆ ತಪ್ಪಬೇಕಾದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ದಿಂಗ್ಬೊಚೆ 4,410, ಲೊಬುಚೆ ಸುಮಾರು 4,900. ಮಿತಿ ಅಲ್ಲಿಗೇ ತುಂಬಿತು.

ನಿಜಕ್ಕೂ ಎಡವುವ ಜಾಗ ನಾಮ್ಚೆ ಬಿಟ್ಟ ಮೇಲೆ ಸಿಗುವ ಸನಾಸಾ ಕವಲು. ಏರುವ ದಾರಿ ಮಾಂಗ್ ಲಾ ಘಟ್ಟದ ಮೂಲಕ ಬೇರೆಯೇ ಕಣಿವೆಯ ಗೋಕ್ಯೋಗೆ. ಬೇಸ್ ಕ್ಯಾಂಪ್ ದಾರಿಯ ತೆಂಗ್ಬೊಚೆಗೆ ಹೋಗುವವರು ಮೊದಲು ದೂಧ್ ಕೋಸಿ ಹೊಳೆಯವರೆಗೆ ಇಳಿಯಬೇಕು, ಸೇತುವೆ ದಾಟಿ ಮತ್ತೆ ಹತ್ತಬೇಕು. ಬೆಟ್ಟಕ್ಕೆ ಹೊರಟವರಿಗೆ ಇಳಿಯುವ ದಾರಿ ಸರಿ ಅನ್ನಿಸುವುದೇ ಇಲ್ಲ, ತಪ್ಪುವುದು ಅದಕ್ಕೇ.

ಸ್ಮಾರಕಗಳು ಲುಕ್ಲಾದಲ್ಲೇ ಶುರು. ಪೇಟೆ ಮುಗಿಯುವಲ್ಲಿನ ಕಮಾನು ಪಾಸಾಂಗ್ ಲಾಮು ಶೆರ್ಪಾ ಅವರದು. 1993ರಲ್ಲಿ ಎವರೆಸ್ಟ್ ಏರಿದ ಮೊದಲ ನೇಪಾಳಿ ಮಹಿಳೆ, ಇಳಿಯುವಾಗ ತೀರಿಕೊಂಡರು. ಆಮೇಲೆ ದಾರಿಯುದ್ದಕ್ಕೂ ಬೌದ್ಧ ಮಂತ್ರ ಕೆತ್ತಿದ ಮಣಿ ಕಲ್ಲುಗಳು: ಕಪ್ಪು ಬಂಡೆ, ಟಿಬೆಟನ್ ಅಕ್ಷರ, ಉಬ್ಬಿದ ಅಕ್ಷರಗಳಿಗೆ ಬಿಳಿ ಬಣ್ಣ. ಅವು ಬಲಗೈ ಪಕ್ಕಕ್ಕೆ ಬರುವಂತೆ ನಡೆಯಬೇಕು. ಪ್ರದಕ್ಷಿಣೆ ಗೊತ್ತಿರುವ ನಮಗೆ ಇದನ್ನು ಹೇಳಿಕೊಡಬೇಕಿಲ್ಲ, ಆದರೂ ಹತ್ತಿರದ ದಾರಿ ಕಂಡರೆ ಕಾಲು ಅತ್ತಲೇ ಹೋಗುತ್ತದೆ.

ತುಕ್ಲಾದ ಚಹಾ ಅಂಗಡಿಗಳ ಹಿಂದೆ ಸುಮಾರು 200 ಮೀಟರ್ ಎತ್ತರದ ನೆಟ್ಟನೆ ಏರು. ಅದರ ತಲೆಯ ಮೇಲೆ, ಸುಮಾರು 4,800 ಮೀಟರಿನಲ್ಲಿ, ಎವರೆಸ್ಟಿನಲ್ಲಿ ಸತ್ತವರ ಚೋರ್ಟನ್‌ಗಳ, ಅಂದರೆ ಸ್ತೂಪದಂಥ ಕಲ್ಲಿನ ಸ್ಮಾರಕಗಳ, ಬಯಲು. ಚೌಕಾಕಾರವಾಗಿ ಪೇರಿಸಿದ ಕಲ್ಲು, ನಡುವೆ ಹೆಸರಿನ ಫಲಕ, ಮೇಲಿಂದ ಗಾಳಿಗೆ ಚಿಂದಿಯಾದ ಐದು ಬಣ್ಣದ ಬಾವುಟ. ನಮ್ಮ ವೀರಗಲ್ಲಿನಂತೆ ಕಥೆಯ ಕೆತ್ತನೆಯಿಲ್ಲ, ಹೆಸರು ಇಸವಿ ಅಷ್ಟೇ. ಬಾಬು ಚಿರಿ ಶೆರ್ಪಾ ಅವರದನ್ನು ಹುಡುಕಿ ನೋಡಿ. ಎವರೆಸ್ಟ್ ಹತ್ತು ಸಲ ಏರಿದವರು, 1999ರಲ್ಲಿ ಆಮ್ಲಜನಕವಿಲ್ಲದೆ ತುದಿಯಲ್ಲಿ 21 ಗಂಟೆ ಕಳೆದವರು, 2001ರಲ್ಲಿ ಹಿಮದ ಬಿರುಕಿಗೆ ಬಿದ್ದು ಹೋದರು. ಏರು ಮುಗಿಸಿ ಉಸಿರು ಬಿಡುವ ಜಾಗವೂ ಇದೇ ಆದ್ದರಿಂದ ಚೀಲ ಇಳಿಸಲು ಚೋರ್ಟನ್ ಕಟ್ಟೆ ಸಿದ್ಧವಾಗಿ ಕಾಣುತ್ತದೆ. ಬೇಡ, ನೆಲದ ಮೇಲೆ ಇಡಿ. ಬೆವರು ಆರುವ ಮೊದಲೇ ಜಾಕೆಟ್ ಹಾಕಿ, ಇಲ್ಲಿ ಗಾಳಿಗೆ ಮರೆಯಿಲ್ಲ.

ಕಲ್ಲಿಗೆ ಕಡಿಮೆ ಕೊಟ್ಟ 1 ಅಂಕ ಲೊಬುಚೆ ದಾಟಿದ ಮೇಲೆ ದಾರಿ ತೋರಲು ಪೇರಿಸಿದ ಕಲ್ಲುಗುಪ್ಪೆಗಳ ಲೆಕ್ಕಕ್ಕೆ. ಗೋರಕ್ ಶೆಪ್‌ವರೆಗೆ ಹಿಮನದಿ ತಳ್ಳಿ ತಂದ ಸಡಿಲ ಕಲ್ಲುರಾಶಿ, ಅದು ಕುಸಿದಂತೆ ದಾರಿ ಸರಿಯುತ್ತದೆ, ಹಳೆಯ ಗುಪ್ಪೆ ಅಲ್ಲೇ ಉಳಿಯುತ್ತದೆ. ಸಾಲದ್ದಕ್ಕೆ ಚಾರಣಿಗರು ಫೋಟೋಗೆಂದು ಪೇರಿಸಿದ ಗುಪ್ಪೆಗಳು ಬೇರೆ. ಮಂಜು ಮುಸುಕಿದರೆ ಒಂದೇ ಗುಪ್ಪೆ ನೋಡಿ ಹೊರಡಬೇಡಿ, ಮುಂದಿನದು ಕಂಡ ಮೇಲೆ ಹೆಜ್ಜೆ ಇಡಿ. ಅನುಮಾನ ಬಂದರೆ ಯಾಕ್ ಸಗಣಿ ಹುಡುಕಿ. ಸಾಮಾನು ಹೊತ್ತ ಯಾಕ್‌ಗಳು ಸುಮ್ಮಸುಮ್ಮನೆ ದಾರಿ ಬಿಡುವುದಿಲ್ಲ.